ಐತಿಹಾಸಿಕ ಕಾದಂಬರಿ ಕೇಳುವವರಿಗೂ ವಂಶಾವಳಿ ಬೇಕು

ಮಾನ್ಯ ಸಂಪಾದಕರೆ,

ಕನ್ನಡದ ಹಳೆಯ ಐತಿಹಾಸಿಕ ಕಾದಂಬರಿಗಳು ಒಂದೊಂದಾಗಿ ಆಡಿಯೊ ಪುಸ್ತಕಗಳಾಗಿ ಮೊಬೈಲಿಗೆ ಬರುತ್ತಿರುವುದು ಸಂತೋಷದ ಸಂಗತಿ. ಕಣ್ಣು ಮಂಜಾದ ಹಿರಿಯರು, ದಿನದ ಒಂದಷ್ಟು ಹೊತ್ತನ್ನು ಬಸ್ಸಿನಲ್ಲೇ ಕಳೆಯುವ ನೌಕರರು, ಮನೆಯಲ್ಲಿ ಕನ್ನಡ ಆಡಿದರೂ ಲಿಪಿಯನ್ನು ಸರಾಗವಾಗಿ ಓದಲಾರದ ಹೊರನಾಡಿನ ಮಕ್ಕಳು ಇವುಗಳಿಗೆ ಕಿವಿಗೊಡುತ್ತಿದ್ದಾರೆ. ಆದರೆ ಸಾಮಾಜಿಕ ಕಾದಂಬರಿಯನ್ನು ಓದಿ ಧ್ವನಿಮುದ್ರಿಸಿದಷ್ಟೇ ಸಲೀಸಾಗಿ ಐತಿಹಾಸಿಕ ಕಾದಂಬರಿಯನ್ನೂ ಧ್ವನಿಮುದ್ರಿಸಿಬಿಡಬಹುದೆಂಬ ಭಾವನೆ ತಯಾರಕರಲ್ಲಿ ಇದ್ದಂತಿದೆ. ಕೇಳುಗನಾಗಿ ನನಗೆ ಅದು ಸರಿ ಎನಿಸುವುದಿಲ್ಲ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನೇ ನೋಡಿ. 1834ರಲ್ಲಿ ಕೊಡಗು ಇಂಗ್ಲಿಷರ ವಶವಾದ ಸಂದರ್ಭವನ್ನು ಕುರಿತ ಈ ಕೃತಿಯಲ್ಲಿ ದೊಡ್ಡವೀರರಾಜ, ಲಿಂಗರಾಜ, ಚಿಕವೀರರಾಜ ಎಂದು ಒಂದೇ ಮನೆತನದ ಅರಸರ ಹೆಸರುಗಳು ಮೇಲಿಂದ ಮೇಲೆ ಬರುತ್ತವೆ. ಅರಸನ ಬಲಗೈಯಾದ ಕುಂಟ ಬಸವನೂ ಇದ್ದಾನೆ, ಅರಸನ ತಂಗಿಯ ಗಂಡನಾದ ಚೆನ್ನಬಸವಯ್ಯನೂ ಇದ್ದಾನೆ. ಪುಸ್ತಕ ಕೈಯಲ್ಲಿದ್ದರೆ ನಾಲ್ಕು ಪುಟ ಹಿಂದಕ್ಕೆ ತಿರುವಿ ಯಾರು ಯಾರೆಂದು ಗೊತ್ತುಮಾಡಿಕೊಳ್ಳಬಹುದು. ಪಾತ್ರೆ ತೊಳೆಯುತ್ತ ಕೇಳುತ್ತಿರುವವರು ಸೋಪು ಮೆತ್ತಿದ ಕೈಯಲ್ಲಿ ಮೊಬೈಲು ಮುಟ್ಟಿ ಹಿಂದಿನ ಭಾಗಕ್ಕೆ ಹೋಗುವಂತಿಲ್ಲ. ಎರಡು ಬಾರಿ ಗೊಂದಲವಾದರೆ ಮೂರನೆಯ ಬಾರಿಗೆ ಕಾದಂಬರಿಯನ್ನೇ ಬಿಟ್ಟುಬಿಡುತ್ತಾರೆ.

ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ದುರ್ಗದ ಪಾಳೆಯಗಾರರಲ್ಲಿ ಮದಕರಿ ನಾಯಕನೆಂಬ ಹೆಸರಿನವನು ಒಬ್ಬನೇ ಅಲ್ಲ. 1779ರಲ್ಲಿ ಹೈದರಾಲಿಗೆ ಕೋಟೆಯನ್ನು ಕಳೆದುಕೊಂಡವನು ಕೊನೆಯ ಮದಕರಿ. ಅವನ ಕಥೆಯೇ ‘ದುರ್ಗಾಸ್ತಮಾನ’. ಮಾಯಕೊಂಡದ ಯುದ್ಧದಲ್ಲಿ ಮಡಿದವನು ಅದಕ್ಕಿಂತ ಹಿಂದಿನ ಹಿರೇ ಮದಕರಿ. ಇನ್ನು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಈ ಮೂರೂ ದಳವಾಯಿ (ಸೇನಾಪತಿ) ಮುದ್ದಣ್ಣನ ಪ್ರಾಬಲ್ಯದ ಸುತ್ತ ಒಂದರ ಬೆನ್ನಿಗೊಂದು ಸಾಗುವ ಕಥೆಗಳು. ಇಂಥ ಸರಣಿಯ ಯಾವ ಭಾಗವನ್ನು ಮೊದಲು ಕೇಳಬೇಕೆಂಬುದನ್ನು ಹೇಳದೆ, ಒಂದೊಂದನ್ನೂ ಬಿಡಿ ಪುಸ್ತಕವೆಂಬಂತೆ ಮುಂದಿಟ್ಟರೆ ಹೊಸ ಕೇಳುಗ ನಡುವಿನಿಂದ ಹೊಕ್ಕು ಕಂಗಾಲಾಗುತ್ತಾನೆ.

ಇದಕ್ಕೆ ಪರಿಹಾರವನ್ನು ದೂರ ಹುಡುಕಬೇಕಾಗಿಲ್ಲ. ಗಮಕದಲ್ಲಿ ವಾಚನಕಾರ ಪದ್ಯವನ್ನು ಓದಿ ನಿಲ್ಲಿಸುತ್ತಾನೆ, ವ್ಯಾಖ್ಯಾನಕಾರ ಅದನ್ನು ಬಿಡಿಸಿ ಹೇಳುತ್ತಾನೆ; ಕುಮಾರವ್ಯಾಸನ ಮಾತು ಎಲ್ಲಿ ಮುಗಿಯಿತು, ವ್ಯಾಖ್ಯಾನ ಎಲ್ಲಿ ಆರಂಭವಾಯಿತು ಎಂಬ ವಿಷಯದಲ್ಲಿ ಸಭೆಯಲ್ಲಿ ಕುಳಿತ ಅನಕ್ಷರಸ್ಥರಿಗೂ ಅನುಮಾನ ಬರುವುದಿಲ್ಲ. ಹಾಗೆಯೇ ಕಾದಂಬರಿಯ ಪ್ರತಿ ಭಾಗದ ಆರಂಭದಲ್ಲಿ ಬೇರೊಂದು ದನಿಯಲ್ಲಿ ಎರಡು ಮೂರು ನಿಮಿಷಗಳ ಪರಿಚಯ ಇರಲಿ: ಈಗ ಆಳುತ್ತಿರುವವರು ಯಾರು, ಅವರಿಗೂ ಹಿಂದಿನವರಿಗೂ ಏನು ಸಂಬಂಧ, ಕಥೆ ನಡೆಯುತ್ತಿರುವ ಊರು ಎಲ್ಲಿದೆ, ದಳವಾಯಿ ಎಂದರೆ ಯಾವ ಹುದ್ದೆ ಎಂಬಷ್ಟು ತಿಳಿದರೆ ಸಾಕು. ಬೇಡದವರು ಅದನ್ನು ದಾಟಿ ಮುಂದೆ ಹೋಗಬಹುದು. ಲೇಖಕರ ವಾಕ್ಯಗಳ ನಡುವೆ ಮಾತ್ರ ಯಾರೂ ಕೈಹಾಕಬಾರದು.

ಕೈಹಾಕುವವರು ಇದ್ದಾರೆ ಎಂಬುದರಿಂದಲೇ ಇದನ್ನು ಹೇಳುತ್ತಿದ್ದೇನೆ. ಆರೇಳು ನೂರು ಪುಟಗಳ ಕಾದಂಬರಿಯನ್ನು ಓದಿ ಮುಗಿಸಲು ಇಪ್ಪತ್ತು ಗಂಟೆಯ ಆಸುಪಾಸು ಬೇಕಾಗುವುದರಿಂದ ವರ್ಣನೆಗಳನ್ನು ಕತ್ತರಿಸುವ ಆಸೆ ಸಹಜ. ಆದರೆ ಕೋಟೆಯ ಸುತ್ತುಗಳು, ದಿಡ್ಡಿ ಬಾಗಿಲುಗಳು, ದರ್ಬಾರಿನಲ್ಲಿ ಯಾರ ಪಕ್ಕ ಯಾರು ಕುಳಿತರೆಂಬ ವಿವರ ಇವೆಲ್ಲ ಐತಿಹಾಸಿಕ ಕಾದಂಬರಿಯಲ್ಲಿ ಅಲಂಕಾರಕ್ಕೆ ಇರುವುದಿಲ್ಲ. ಮುಂದೆ ನಡೆಯಲಿರುವ ಸಂಚಿನ ಸುಳಿವು ಅಲ್ಲಿಯೇ ಇರುತ್ತದೆ. ಸಂಗ್ರಹಿಸಿದ್ದರೆ ಸಂಗ್ರಹವೆಂದು ಮೊದಲೇ ಹೇಳುವುದು ಕನಿಷ್ಠ ಪ್ರಾಮಾಣಿಕತೆ. ನಾನು ಕೇಳಿದ ಒಂದು ಧ್ವನಿಮುದ್ರಣದಲ್ಲಂತೂ ಮುತ್ತಿಗೆಯ ಪ್ರಕರಣದ ಉದ್ದಕ್ಕೂ ನಗಾರಿ ಬಾರಿಸಿ, ಕುದುರೆಗಳನ್ನು ಓಡಿಸಿ, ಕೊನೆಗೆ ನಾಯಕ ಏನು ಆಜ್ಞೆ ಕೊಟ್ಟನೆಂಬುದೇ ಕೇಳಿಸದಂತೆ ಮಾಡಿದ್ದರು. ಬಾನುಲಿ ನಾಟಕಕ್ಕೆ ಅದು ಒಪ್ಪೀತು. ನಾಟಕವನ್ನು ಅದಕ್ಕೆಂದೇ ಬರೆದಿರುತ್ತಾರೆ. ಕಾದಂಬರಿಯಲ್ಲಿ ಸದ್ದನ್ನೂ ಲೇಖಕರೇ ಮಾತಿನಲ್ಲಿ ಕಟ್ಟಿಕೊಟ್ಟಿರುತ್ತಾರಲ್ಲ! ಅದೇ ಮುದ್ರಣದಲ್ಲಿ ಮಾಯಕೊಂಡವು ‘ಮಾಯಾಕೊಂಡ’ವಾಗಿತ್ತು. ಊರ ಹೆಸರುಗಳ ಉಚ್ಚಾರಣೆಯನ್ನು ಆ ಭಾಗದವರೊಬ್ಬರಿಂದ ಮುಂಚಿತವಾಗಿ ಕೇಳಿ ತಿಳಿದುಕೊಂಡರೆ ಖರ್ಚೇನೂ ಬೀಳುವುದಿಲ್ಲ.

ಹಕ್ಕುಸ್ವಾಮ್ಯದ ಮಾತನ್ನೂ ಹೇಳಬೇಕು. ನಮ್ಮ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ತ.ರಾ.ಸು. 1984ರಲ್ಲಿ, ಮಾಸ್ತಿ 1986ರಲ್ಲಿ ನಿಧನರಾದರು. ಅವರ ಕೃತಿಗಳನ್ನು ಹಕ್ಕುದಾರರ ಒಪ್ಪಿಗೆ ಪಡೆದು, ಗೌರವಧನ ಕೊಟ್ಟೇ ಧ್ವನಿಮುದ್ರಿಸಬೇಕು. ಅಂಗವಿಕಲರ ಬಳಕೆಗಾಗಿ ಕೃತಿಗಳನ್ನು ಧ್ವನಿರೂಪಕ್ಕೆ ತರಲು 2012ರ ತಿದ್ದುಪಡಿ ಅವಕಾಶ ಕೊಟ್ಟಿದೆಯಾದರೂ ಆ ರಿಯಾಯಿತಿ ಸಾರ್ವಜನಿಕ ಮಾರಾಟಕ್ಕೆ ಅನ್ವಯಿಸುವುದಿಲ್ಲ. ಆದರೆ 1942ರಲ್ಲಿ ತೀರಿಕೊಂಡ ಹಳೆಯ ಕಾದಂಬರಿಕಾರ ಗಳಗನಾಥರ ಬರಹಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ಅವರು ಹಲವು ಕಾದಂಬರಿಗಳಿಗೆ ಆಧಾರವಾಗಿ ಇಟ್ಟುಕೊಂಡ ಮರಾಠಿಯ ಹರಿ ನಾರಾಯಣ ಆಪ್ಟೆಯವರು ತೀರಿಕೊಂಡದ್ದು 1919ರಲ್ಲಿ. ಆ ಕಡೆಯಿಂದಲೂ ಅಡ್ಡಿಯಿಲ್ಲ.

ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕನ್ನಡಿಗರಿಗೆ ಓದುವ ರುಚಿ ಹತ್ತಿಸಿದ ಅವರ ಕಾದಂಬರಿಗಳು ಇಂದು ಬಹುಮಟ್ಟಿಗೆ ಪಠ್ಯಪುಸ್ತಕದಲ್ಲಿ ಹೆಸರಾಗಿ ಉಳಿದಿವೆ. ಅವರ ಉದ್ದುದ್ದ ವಾಕ್ಯಗಳು ಕಣ್ಣಿಗೆ ಭಾರವೆನಿಸಿದರೂ ಗಟ್ಟಿಯಾಗಿ ಓದಿದಾಗ ಪುರಾಣ ಹೇಳುವವರ ಓಟವನ್ನು ಪಡೆಯುತ್ತವೆ. ಅದರಲ್ಲಿಯೂ ಧಾರವಾಡ, ಹಾವೇರಿ ಕಡೆಯ ದನಿಯಲ್ಲಿ ಓದಿದರೆ ಇನ್ನೂ ಸೊಗಸು. ಕನ್ನಡ ಪುಸ್ತಕ ಪ್ರಾಧಿಕಾರವು ಧಾರವಾಡ ಆಕಾಶವಾಣಿಯ ನೆರವು ಪಡೆದು, ವಿಜಯನಗರದ ಸ್ಥಾಪನೆಯ ಕಾಲವನ್ನು ಕುರಿತ ‘ಮಾಧವ ಕರುಣಾ ವಿಲಾಸ’ದಿಂದ ಈ ಕೆಲಸವನ್ನು ಆರಂಭಿಸಲಿ. ಯಾವ ವರ್ಷದ ಆವೃತ್ತಿಯನ್ನು ಓದಲಾಗಿದೆ, ಓದಿದವರು ಯಾರು ಎಂಬುದನ್ನು ಮುದ್ರಣದ ಆರಂಭದಲ್ಲಿಯೇ ಹೇಳಲಿ, ಮತ್ತು ಅದನ್ನು ಎಲ್ಲರಿಗೂ ಉಚಿತವಾಗಿ ದೊರಕಿಸಲಿ.

ನಿವೃತ್ತ ಇತಿಹಾಸ ಉಪನ್ಯಾಸಕ,
ಚಿತ್ರದುರ್ಗ