ಸಂಜೆಯ ನಡಿಗೆ ಇನ್ನು ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ನಾಳೆಯಿಂದ ನಮ್ಮ ಚಿಕ್ಕಮಗಳೂರಿನ ರತ್ನಗಿರಿ ಬೋರೆಯ ನಡಿಗೆ ಸಂಜೆ 4ಕ್ಕಲ್ಲ, ಬೆಳಗ್ಗೆ 6ಕ್ಕೆ. ಎರಡು ದಿನದಿಂದ ಮುಳ್ಳಯ್ಯನಗಿರಿಯ ಸಾಲು ಮಸುಕಾಗಿದೆ. ಅದು ಮಂಜಲ್ಲ, ಹೊಗೆ. ವಾಹನಗಳ ಹೊಗೆಯ ಮೇಲೆ ಸುಡುಬಿಸಿಲು ಬಿದ್ದರೆ ನೆಲಮಟ್ಟದಲ್ಲಿ ಉಸಿರಾಟಕ್ಕೆ ಕೆಡುಕಾದ ಓಝೋನ್ ಅನಿಲ ಹುಟ್ಟುತ್ತದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಅದರ ಕಾಟ ಹೆಚ್ಚು. ಎನ್‌95 ಮಾಸ್ಕ್ ಹೊಗೆಯ ಕಣಗಳನ್ನು ತಡೆಯುತ್ತದೆ, ಈ ಅನಿಲವನ್ನಲ್ಲ. ಹಾಗಾಗಿ ‘ಮಾಸ್ಕ್ ಇದೆಯಲ್ಲ’ ಎಂಬ ವಾದ ಬೇಡ.

ಅಸ್ತಮಾ ಇರುವವರು ಇನ್ಹೇಲರ್ ಜೇಬಿನಲ್ಲಿಟ್ಟುಕೊಂಡೇ ಬನ್ನಿ. ಎದೆ ಬಿಗಿದರೆ ಸಂಕೋಚಪಡದೆ ಅಲ್ಲೇ ಕುಳಿತು ಜೊತೆಯವರನ್ನು ಕರೆಯಿರಿ.

ಇನ್ನೊಂದು ಮಾತು: ಸಿಲ್ವರ್ ಓಕ್ ತರಗೆಲೆ ಗುಡಿಸಿ ಬೆಂಕಿ ಹಾಕಬೇಡಿ, ಗೊಬ್ಬರದ ಗುಂಡಿಗೆ ಸುರಿಯಿರಿ. (ಮೊನ್ನೆಯವರೆಗೆ ನಾನೂ ಸುಡುತ್ತಿದ್ದವನೇ.)

ಬರುವವರು ಇಂದು ರಾತ್ರಿ 9ರೊಳಗೆ ಇಲ್ಲೇ ತಿಳಿಸಿ.