ಹಿತ್ತಲಲ್ಲಿ ಒಂದು ಜೋಲಿ

ರಾಲಿ, ನಾರ್ತ್ ಕೆರೊಲಿನಾ
ಮೇ 18

ಅಪ್ಪಯ್ಯ, ಆಯಿ, ಇಬ್ಬರಿಗೂ ನಮಸ್ಕಾರ.

ನಾವೆಲ್ಲ ಆರಾಮ. ಜೋಲಿಯ ಕೆಲಸ ನಿನ್ನೆ ಮುಗಿಯಿತು. ಫೋನಿನಲ್ಲಿ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶಿರಸಿಯ ಮನೆಯಲ್ಲಾದರೆ ಹಲಸಿನ ಮರಕ್ಕೊಂದು, ಮಾವಿನ ಮರಕ್ಕೊಂದು ಹಗ್ಗ ಸುತ್ತಿದರೆ ಆಯಿತು. ಇಲ್ಲಿ ಹಿತ್ತಲಲ್ಲಿ ಬರೀ ಹುಲ್ಲು. ಬಾಡಿಗೆ ಮನೆ, ಗುಂಡಿ ತೋಡಿ ಕಂಬ ಹುಗಿಯುವ ಹಾಗಿಲ್ಲ. ಹಾಗಾಗಿ ನೆಲದ ಮೇಲೆ ತಾನೇ ನಿಲ್ಲುವ ಮರದ ಸ್ಟ್ಯಾಂಡ್ ಮಾಡಿದೆ. ಕೆಳಗೆ 12 ಅಡಿಯ ತೊಲೆ, ಮಗುಚದಂತೆ ಎರಡು ಅಡ್ಡ ಕಾಲು, ಮೇಲೆ ಎರಡು ಕಂಬ.

ಮೊದಲ ಸಲ ಕಂಬ ನೆಟ್ಟಗೆ ನಿಲ್ಲಿಸಿ ಸ್ಕ್ರೂ ಹೊಡೆದಿದ್ದೆ. ಮರಳಿನ ಚೀಲ ಹಾಕಿ ನೋಡಿದೆ. ಮೂರನೇ ಚೀಲಕ್ಕೇ ಕಂಬ ಒಳಗೆ ವಾಲಿ, ಸ್ಕ್ರೂ ಕಿರ್ರೆಂದು ಕಿತ್ತು ಬಂತು. ಮಗಳನ್ನು ಕೂರಿಸಿರಲಿಲ್ಲ, ಪುಣ್ಯ. ರಾತ್ರಿ ಕೂತು ಲೆಕ್ಕ ಹಾಕಿದೆ. ಹಗ್ಗ 30 ಡಿಗ್ರಿ ಇಳಿಜಾರಿನಲ್ಲಿದ್ದರೆ, 80 ಕಿಲೋದವನು ಮಲಗಿದಾಗ ಒಂದೊಂದು ಬದಿಗೂ 80 ಕಿಲೋ ಎಳೆತ ಬೀಳುತ್ತದೆ. ನಾನು ಅರ್ಧರ್ಧ ಅಂದುಕೊಂಡಿದ್ದೆ. ಆ 80ರಲ್ಲಿ ಸುಮಾರು 70 ಕಿಲೋ ಕಂಬವನ್ನು ಒಳಕ್ಕೇ ಎಳೆಯುವುದು. ಹಗ್ಗ ಬಿಗಿಯಾದಷ್ಟೂ ಇನ್ನೂ ಜಾಸ್ತಿ.

ಆಗ ತೋಟ ನೆನಪಾಯಿತು ಅಪ್ಪಯ್ಯ. ಗೊನೆ ಭಾರಕ್ಕೆ ಬಾಳೆ ಬಾಗಿದರೆ ನೀನು ಹಗ್ಗ ಎಳೆದು ಗೂಟಕ್ಕೆ ಕಟ್ಟುತ್ತಿದ್ದೆ ಅಲ್ವಾ. ಗೂಟದ ತಲೆ ಯಾವಾಗಲೂ ಬಾಳೆಯಿಂದ ಆಚೆಗೆ ವಾಲಿರುತ್ತಿತ್ತು. ಹಗ್ಗ ಸಾಲದಿದ್ದರೆ ಬಾಗಿದ ಕಡೆಯಿಂದ ಒಂದು ಕೋಲು ಊರುತ್ತಿದ್ದೆ. ಎರಡನ್ನೂ ಹಾಗೇ ಮಾಡಿದೆ. ಕಂಬ ಹೊರಕ್ಕೆ ವಾಲಿಸಿ, ಒಳಬದಿಗೆ ಓರೆಯಾಗಿ ಒಂದೊಂದು ಕೋಲು ಊರಿದೆ. ಸ್ಕ್ರೂ ಬಿಟ್ಟು ಅರ್ಧ ಇಂಚಿನ ಬೋಲ್ಟನ್ನು ಮರದ ಆಚೆಗೂ ತೂರಿಸಿ ನಟ್ಟು ಹಾಕಿದೆ. ಈಗ ನಾನೇ ಮಲಗಿದರೂ ಸದ್ದಿಲ್ಲ.

ಮರ ಪೈನ್, ಗೆದ್ದಲು ಹಿಡಿಯದಂತೆ ಔಷಧಿ ಕುಡಿಸಿದ್ದು. ಅಂಗಡಿಯಿಂದ ತಂದಾಗ ಹಸಿಯಿತ್ತು, ಕೊರೆದರೆ ಹೊಟ್ಟು ಕೈಗೆ ಅಂಟುತ್ತಿತ್ತು. ಒಣಗಿದ ಹಾಗೆ ಕುಗ್ಗುತ್ತದೆ, ತಿಂಗಳಿಗೊಮ್ಮೆ ನಟ್ಟು ಬಿಗಿ ಮಾಡಬೇಕು. ಆಯಿ, ಉಳಿದ ತುಂಡು ನಿನ್ನ ಬಚ್ಚಲ ಒಲೆಗೆ ಮಾತ್ರ ಆಗುವುದಿಲ್ಲ. ಆ ಔಷಧಿಯಲ್ಲಿ ತಾಮ್ರವಿದೆ, ಹೊಗೆ ವಿಷ.

ಮಗಳು ಮಧ್ಯಾಹ್ನ ಅದರಲ್ಲೇ ನಿದ್ದೆ ಹೋಗಿದ್ದಳು. ಒಂದು ಕಾಲು ಹೊರಗೆ ಜೋತುಬಿದ್ದಿತ್ತು. ಆಯಿ, ನಾನು ಹಾಗೇ ಮಲಗುತ್ತಿದ್ದೆ ಅಂತ ನೀನು ಹೇಳುತ್ತಿದ್ದೆಯಲ್ಲ.

ಅಪ್ಪಯ್ಯ, ಮಳೆ ಹಿಡಿಯುವ ಮೊದಲು ಹಲಸಿನ ಮರದ ಹಗ್ಗ ಬಿಚ್ಚಿಡು. ಹೋದ ಸಲ ಬಂದಾಗ ನೋಡಿದ್ದೆ, ತೊಗಟೆಯೊಳಗೆ ಹೂತುಕೊಂಡಿತ್ತು. ಮರಕ್ಕೆ ಗಾಯವಾಗದ ಅಗಲ ಪಟ್ಟಿ ಇಲ್ಲಿ ಸಿಗುತ್ತದೆ, ಎರಡು ತರುತ್ತೇನೆ.

ನಿಮ್ಮ ಮಾಣಿ