ಚಂದಾ ಬೇರೆ, ದೇಣಿಗೆ ಬೇರೆ

ಸಂಪಾದಕರೇ,

‘ವಿಶ್ವಸಂಸ್ಥೆಗೆ ನಾವ್ಯಾಕೆ ದುಡ್ಡು ಕೊಡಬೇಕು?’ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಗೆಳೆಯರೊಬ್ಬರು ಕೇಳಿದರು. ನಾನು ನಮ್ಮ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಲೆಕ್ಕ ಬರೆಯುವವನು. ಚದರಡಿ ಜಾಸ್ತಿ ಇದ್ದವರಿಗೆ ಜಾಸ್ತಿ. ಅಲ್ಲೂ ಹಾಗೇ ಅಲ್ವಾ? ದೇಶದ ಆದಾಯ, ತಲಾ ಆದಾಯ, ಸಾಲ ನೋಡಿ 3 ವರ್ಷಕ್ಕೊಮ್ಮೆ ಪ್ರತಿ ದೇಶದ ಚಂದಾ ಪಾಲು ಗೊತ್ತುಮಾಡುತ್ತಾರೆ. ಯಾರ ಪಾಲೂ ಶೇ 22 ದಾಟುವಂತಿಲ್ಲ. ಭಾರತದ್ದು ಶೇ 1ಕ್ಕಿಂತ ಸ್ವಲ್ಪ ಹೆಚ್ಚು. ಎರಡು ವರ್ಷದಷ್ಟು ಬಾಕಿ ಉಳಿದರೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತದ ಹಕ್ಕೇ ಹೋಗಬಹುದು. (ನಾವು ಬಾಕಿದಾರರ ಫ್ಲ್ಯಾಟ್ ನಂಬರನ್ನು ಲಿಫ್ಟ್ ಪಕ್ಕ ಅಂಟಿಸುತ್ತೇವೆ, ಅಷ್ಟೇ.)

ನನ್ನ ತಕರಾರು ದೇಣಿಗೆಯದ್ದು. ಮಕ್ಕಳಿಗಾಗಿ ಇರುವ ವಿಶ್ವಸಂಸ್ಥೆಯ ಯುನಿಸೆಫ್‌ನಂಥ ಸಂಸ್ಥೆಗೆ ಕೊಡಲೇಬೇಕೆಂದಿಲ್ಲ. ಎಷ್ಟೆಂದು ಸರ್ಕಾರವೇ ತೀರ್ಮಾನಿಸುತ್ತದೆ. ಬಜೆಟ್ ಪುಸ್ತಕದಲ್ಲಿ ಆಯಾ ಸಚಿವಾಲಯದ ಅಂಕಿಗಳಿವೆ. ಇಷ್ಟೇ ಯಾಕೆ ಎಂಬುದು ಮಾತ್ರ ಕನ್ನಡಕ ಒರೆಸಿಕೊಂಡು ಹುಡುಕಿದರೂ ನನಗೆ ಸಿಗಲಿಲ್ಲ. ಒಂದೊಂದು ದೇಣಿಗೆಗೂ ಸರ್ಕಾರ ಎರಡು ಸಾಲು ಕಾರಣ ಬರೆಯಲಿ.

– ನಿವೃತ್ತ ಲೆಕ್ಕಿಗ, ಬಸವನಗುಡಿ, ಬೆಂಗಳೂರು